ಮಡಿ ಹೆಂಗಸಿನ ಜಾಣತನ

ಕೊನೆಯ ಪುಟದಲ್ಲಿ ನಾಯಕಿ ಪೆಟ್ಟಿಗೆ ಹಿಡಿದು ಬಸ್ಸು ಹತ್ತಿದರಷ್ಟೇ ಅದು ಸ್ತ್ರೀಪರ ಕಾದಂಬರಿ ಎಂದು ನಂಬಿದವರಿಗೆ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಸಪ್ಪೆ ಎನಿಸೀತು. ಫಣಿಯಮ್ಮ ಮನೆ ಬಿಟ್ಟು ಹೋಗುವುದೇ ಇಲ್ಲ. ಆಡಿಕೊಂಡಿರಬೇಕಾದ ವಯಸ್ಸಿನಲ್ಲಿ ಗಂಡ ಹಾವು ಕಚ್ಚಿ ಸಾಯುತ್ತಾನೆ. ಮೈನೆರೆದ ಮೇಲೆ ತಲೆ ಬೋಳಿಸುತ್ತಾರೆ. ಆಮೇಲೆ ಉಳಿದದ್ದು ಮಡಿಸೀರೆ, ಒಪ್ಪತ್ತಿನ ಊಟ, ತುಂಬಿದ ಮನೆಯ ಮುಗಿಯದ ಚಾಕರಿ.

ನನಗೆ ಹಿಡಿಸುವುದು ಈಕೆಯ ಜಾಣತನ. ಮಡಿಯನ್ನು ಊರು ಕೇಳಿದ್ದಕ್ಕಿಂತ ಒಂದು ತೂಕ ಹೆಚ್ಚೇ ಪಾಲಿಸುತ್ತಾಳೆ. ಹಾಗಾಗಿ ಅವಳ ಮೇಲೆ ಯಾರೂ ಬೆರಳೆತ್ತುವಂತಿಲ್ಲ. ಹೀಗೆ ಗಳಿಸಿದ ಹೆಸರನ್ನು ಎಲ್ಲಿ ಖರ್ಚು ಮಾಡುತ್ತಾಳೆ, ನೋಡಿ. ಅಸ್ಪೃಶ್ಯರ ಹೆಣ್ಣೊಬ್ಬಳಿಗೆ ಹೆರಿಗೆ ಕಷ್ಟವಾದಾಗ ಗುಟ್ಟಾಗಿ ಹೋಗಿ ತನ್ನ ಕೈಯಾರೆ ಹೆರಿಗೆ ಮಾಡಿಸುತ್ತಾಳೆ. ನೆರಳು ಸೋಕಿದರೂ ಸ್ನಾನ ಎನ್ನುವ ಮನೆಯಲ್ಲಿ ಬೆಳೆದ ಕೈ ಅದು! ಇಂದಿರಾ ಅವಳಿಂದ ಭಾಷಣ ಮಾಡಿಸುವುದಿಲ್ಲ. ಕೆಲಸ ಮುಗಿಯಿತು, ಮನೆಗೆ ಬಂದಳು, ಅಷ್ಟೇ.

ಮುಂದೆ ದಾಕ್ಷಾಯಿಣಿ ಎಂಬ ಎಳೆಯ ವಿಧವೆ ತಲೆ ಬೋಳಿಸಿಕೊಳ್ಳುವುದಿಲ್ಲ ಎಂದು ಹಟ ಹಿಡಿದಾಗ ಅವಳ ಬೆನ್ನಿಗೆ ನಿಲ್ಲುವುದು ಈ ಬೋಳುತಲೆಯ ಅಜ್ಜಿಯೇ. ದಾಕ್ಷಾಯಿಣಿಯ ಬಂಡಾಯ ಗಟ್ಟಿ ದನಿಯದು, ಫಣಿಯಮ್ಮನದು ಬಾಯಿಬಿಡದ್ದು. ಎರಡನ್ನೂ ಒಂದೇ ಪುಸ್ತಕದಲ್ಲಿ ಇಟ್ಟು, ಯಾವುದು ದೊಡ್ಡದು ಎಂದು ತೀರ್ಪು ಕೊಡದೆ ಹೋದದ್ದು ಲೇಖಕಿಯ ಹೆಚ್ಚುಗಾರಿಕೆ. ಏಳು ವರ್ಷದ ಶಾಲೆ ಮುಗಿಯುತ್ತಲೇ ಮದುವೆಯಾಗಿ, ನಲವತ್ತೈದರ ಹೊತ್ತಿಗೆ ಕಾದಂಬರಿ ಬರೆಯಲು ಕೂತ ಇಂದಿರಾ ಅವರಿಗೆ ಕಾಯುವುದು ಎಂದರೇನೆಂದು ಗೊತ್ತಿತ್ತು.

ಒಂದು ತಕರಾರೂ ಇದೆ. ಕೆಲವೆಡೆ ಫಣಿಯಮ್ಮ ಮನುಷ್ಯಳಾಗಿ ಉಳಿಯದೆ ದೇವಿಯೇ ಆಗಿಬಿಡುತ್ತಾಳೆ. ಅವಳಿಗೂ ಒಮ್ಮೆ ಸಿಟ್ಟು ಬಂದಿದ್ದರೆ, ಪಾತ್ರೆ ಕುಕ್ಕಿದ್ದರೆ, ನನಗೆ ಸಮಾಧಾನವಾಗುತ್ತಿತ್ತು.

ಇದನ್ನು ಓದಿದವರು ತ್ರಿವೇಣಿಯವರ ‘ಶರಪಂಜರ’ವನ್ನು ಮತ್ತೆ ತೆರೆಯಬೇಕು. 1971ರ ಪುಟ್ಟಣ್ಣ ಕಣಗಾಲರ ಸಿನಿಮಾದಿಂದಾಗಿ ನಾಯಕಿ ಕಾವೇರಿ ಎಂದರೆ ನಟಿ ಕಲ್ಪನಾ ಮುಖವೇ ಕಣ್ಣಿಗೆ ಬರುತ್ತದೆ, ಅದು ಬೇರೆ ಮಾತು. ಬಾಣಂತನದಲ್ಲಿ ಕೆಟ್ಟ ಮನಸ್ಸು ಆಸ್ಪತ್ರೆಯಲ್ಲಿ ವಾಸಿಯಾಗಿ ಅವಳು ಮನೆಗೆ ಮರಳುತ್ತಾಳೆ. ಮಡಿಯ ಕಾಟವಿಲ್ಲ, ಓದಿದ ಜನ, ಪ್ರೀತಿಸಿದ್ದ ಗಂಡ. ಆದರೆ ಅವಳು ನಕ್ಕರೂ ಅನುಮಾನ, ಅತ್ತರೂ ಅನುಮಾನ. ಕಟ್ಟುಪಾಡು ಕಣ್ಣಿಗೆ ಕಾಣುವಂತಿದ್ದುದರಿಂದ ಫಣಿಯಮ್ಮನಿಗೆ ಅದರೊಳಗೇ ಒಂದು ಹಾದಿ ಸಿಕ್ಕಿತು. ಕಾವೇರಿ ಯಾವ ನಿಯಮವನ್ನು ಪಾಲಿಸಿ ಒಳ್ಳೆಯವಳೆನಿಸಿಕೊಳ್ಳಬೇಕಿತ್ತು ಎಂಬುದನ್ನು ಆ ಮನೆಯವರು ಯಾರೂ ಅವಳಿಗೆ ಹೇಳಲೇ ಇಲ್ಲ.