ಗ್ರಂಥ ತೆರೆದರಷ್ಟೇ ಸಾಲದು



ಬಾಬಿಲೋನಿನಿಂದ ಮರಳಿ ಬಂದ ಇಸ್ರಯೇಲರ ಮುಂದೆ ಎಜ್ರನು ಧರ್ಮಶಾಸ್ತ್ರದ ಗ್ರಂಥವನ್ನು ತೆರೆದ ಪ್ರಸಂಗ ನೆಹೆಮೀಯನ ಗ್ರಂಥದ 8ನೆಯ ಅಧ್ಯಾಯದಲ್ಲಿದೆ. ಅಲ್ಲಿ ನಾವು ಸಾಮಾನ್ಯವಾಗಿ ಗಮನಿಸದೆ ಬಿಡುವ ಸಂಗತಿಯೊಂದುಂಟು. ಗ್ರಂಥವನ್ನು ಓದಿದ್ದಷ್ಟೇ ಅಲ್ಲ, ಲೇವಿಯರು ಜನರ ನಡುವೆ ನಿಂತು ಅದರ ಅರ್ಥವನ್ನು ತಿಳಿಯಪಡಿಸಿದರು. ಕೇಳಿದ್ದು ಅರ್ಥವಾದುದರಿಂದಲೇ ಜನರು ಅಂದು ಸಂತೋಷದಿಂದ ಹಬ್ಬ ಆಚರಿಸಿದರು.

ಫಿನ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದ ‘ಫೆನ್ನೊ-ಉಗ್ರಿಕ’ ಎಂಬ ಅಂತರಜಾಲ ಸಂಗ್ರಹವನ್ನು ಈ ಪ್ರಸಂಗದ ಬೆಳಕಿನಲ್ಲಿ ತೂಗಿ ನೋಡಬೇಕೆನಿಸುತ್ತದೆ. ಫಿನ್ನಿಷ್, ಎಸ್ಟೋನಿಯನ್, ಹಂಗೇರಿಯನ್ ಭಾಷೆಗಳು ಫಿನ್ನೊ-ಉಗ್ರಿಕ್ ಎಂಬ ಒಂದೇ ಕುಟುಂಬದವು. ಇವುಗಳಿಗೆ ಸ್ವಂತ ದೇಶಗಳಿವೆ. ಆದರೆ ಇವುಗಳ ಸೋದರಭಾಷೆಗಳಾದ ಕೋಮಿ, ಮಾರಿ, ಉದ್‌ಮುರ್ತ್, ವೆಪ್ಸ್, ಇಂಗ್ರಿಯನ್ ಮೊದಲಾದವನ್ನು ಆಡುವವರು ರಷ್ಯಾದಲ್ಲಿ ಅಲ್ಪಸಂಖ್ಯಾತರಾಗಿ ಬಾಳುತ್ತಿದ್ದಾರೆ. 1920 ಮತ್ತು 30ರ ದಶಕಗಳಲ್ಲಿ ಸೋವಿಯತ್ ಆಡಳಿತವು ಈ ಭಾಷೆಗಳಲ್ಲಿ ಮುದ್ರಿಸಿದ ಪುಸ್ತಕ, ಪತ್ರಿಕೆಗಳು ಸೇಂಟ್ ಪೀಟರ್ಸ್‌ಬರ್ಗಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಉಳಿದಿದ್ದವು. 2012ರಲ್ಲಿ ಕೋನೆ ಪ್ರತಿಷ್ಠಾನದ ನೆರವಿನಿಂದ ಆರಂಭವಾದ ಯೋಜನೆಯು ಅವುಗಳ ಪುಟಪುಟವನ್ನೂ ಚಿತ್ರವಾಗಿಸಿ ಲೋಕಕ್ಕೆ ತೆರೆದಿಟ್ಟಿತು.

ಇದೆಷ್ಟು ದೊಡ್ಡ ಉಪಕಾರವೆಂಬುದಕ್ಕೆ ಇಂಗ್ರಿಯನ್ ಭಾಷೆಯ ಕಥೆಯೇ ಸಾಕು. ಅದರಲ್ಲಿ ಶಾಲಾಪುಸ್ತಕಗಳು ಬರತೊಡಗಿದ್ದು 1932ರಲ್ಲಿ. 1937ರ ದಮನದೊಂದಿಗೆ ಎಲ್ಲವೂ ನಿಂತುಹೋಯಿತು. 1936ರಲ್ಲಿ ಅದರ ವ್ಯಾಕರಣವನ್ನು ಪ್ರಕಟಿಸಿದ ವೈನೊ ಯೂನುಸ್ ಆ ದಮನಕ್ಕೇ ಬಲಿಯಾದರು. ಒಂದು ಜನಾಂಗದ ಲಿಖಿತ ಬಾಳುವೆಯೆಲ್ಲ ಐದೇ ವರ್ಷಗಳ ಮುದ್ರಣದಲ್ಲಿ ಅಡಗಿರುವಾಗ, ಆ ಪುಟಗಳು ಕಳೆದುಹೋಗದಂತೆ ಕಾಯುವುದು ಸತ್ತವರಿಗೆ ಸಲ್ಲಿಸುವ ನ್ಯಾಯವೂ ಹೌದು.

ಅಂದಿನ ಮುದ್ರಣದಲ್ಲಿ ಆಡಳಿತದ ಪ್ರಚಾರಕ್ಕೆ ದೊಡ್ಡ ಪಾಲಿತ್ತು. ಧರ್ಮವನ್ನು ಹಳಿಯುವ ಬರಹಗಳೂ ಇದ್ದವು. ಗುರುವಾದ ನನಗೆ ಅವು ಹಿತವೆನಿಸುವುದಿಲ್ಲ. ಆದರೂ ಅವನ್ನು ಬಿಟ್ಟು ಉಳಿದವನ್ನಷ್ಟೇ ಕಾಪಾಡಬೇಕೆಂದು ನಾನು ಹೇಳಲಾರೆ. ನಮ್ಮನ್ನು ನಿಂದಿಸಿದ ಪುಟದಲ್ಲೂ ಒಂದು ತಾಯ್ನುಡಿಯ ಪದಗಳಿವೆ.

ನನ್ನ ಆಕ್ಷೇಪ ಬೇರೆಯದು. ಅದನ್ನು ಕೋಮಿ ಭಾಷೆಯ ಉದಾಹರಣೆಯಿಂದ ಹೇಳುವೆ. 14ನೆಯ ಶತಮಾನದಲ್ಲಿ ಪೆರ್ಮಿನ ಸಂತ ಸ್ತೆಫಾನರು ಆ ಜನರಿಗೆ ಶುಭಸಂದೇಶ ಸಾರಲು ಹೊರಟಾಗ ಸ್ಲಾವೊನಿಕ್ ಭಾಷೆಯನ್ನು ಅವರ ಮೇಲೆ ಹೇರಲಿಲ್ಲ. ಕೋಮಿ ಭಾಷೆಗೆಂದೇ ‘ಅಬುರ್’ ಎಂಬ ಹೊಸ ಲಿಪಿಯನ್ನು ರಚಿಸಿ, ಪೂಜಾವಿಧಿಯನ್ನು ಅವರ ನುಡಿಗೆ ತಂದರು. ವೊಲೊಗ್ದ ನಗರದಲ್ಲಿರುವ ಪವಿತ್ರ ತ್ರಿತ್ವದ ಪ್ರತಿಮಾಚಿತ್ರವೊಂದರ ಮೇಲೆ ಆ ಅಕ್ಷರಗಳನ್ನು ಇಂದಿಗೂ ಕಾಣಬಹುದು. ಕಾಲಕ್ರಮದಲ್ಲಿ ಆ ಲಿಪಿ ಬಳಕೆ ತಪ್ಪಿ ರಷ್ಯನ್ನರ ಸಿರಿಲಿಕ್ ಲಿಪಿ ಬಂತು. 1918ರಲ್ಲಿ ಮೊಲೊದ್ತ್ಸೊವ್ ಎಂಬವರು ಇನ್ನೊಂದು ಅಕ್ಷರಮಾಲೆಯನ್ನು ರೂಪಿಸಿದರು. 1930ರ ದಶಕದಲ್ಲಿ ಲ್ಯಾಟಿನ್ ಲಿಪಿ ಬಂದು, ಅದೇ ದಶಕದಲ್ಲಿ ಮತ್ತೆ ಸಿರಿಲಿಕ್ ಮರಳಿತು.

ಇದರ ಪರಿಣಾಮವನ್ನು ಯೋಚಿಸಿರಿ. ಮುತ್ತಜ್ಜ ಲ್ಯಾಟಿನ್ ಅಕ್ಷರಗಳಲ್ಲಿ ಓದಿದ ಕೋಮಿ ಪಾಠಪುಸ್ತಕದ ಚಿತ್ರ ಮರಿಮಗನ ಮುಂದಿದೆ. ಆದರೆ ಅವನು ಕೋಮಿ ಓದಲು ಕಲಿತದ್ದು ಸಿರಿಲಿಕ್ಕಿನಲ್ಲಿ. ಸಂಶೋಧಕನಿಗೆ ಆ ಚಿತ್ರ ಸಾಕು, ಮನೆಯ ಮಗುವಿಗೆ ಸಾಲದು. ಹಳೆಯ ಪಠ್ಯವನ್ನು ಇಂದಿನ ಲಿಪಿಗೆ ತರುವ, ಗಟ್ಟಿಯಾಗಿ ಓದಿ ಹೇಳುವ, ಅರಿಯದ ಪದವನ್ನು ಬಿಡಿಸಿ ತೋರಿಸುವ ಲೇವಿಯರು ಅಲ್ಲಿಯೂ ಬೇಕು.

ಯೋಜನೆಯವರು ಇದನ್ನು ಸ್ವಲ್ಪಮಟ್ಟಿಗೆ ಅರಿತಿದ್ದರು. ಯಂತ್ರವು ತಪ್ಪಾಗಿ ಗುರುತಿಸಿದ ಅಕ್ಷರಗಳನ್ನು ಆ ಭಾಷೆ ಬಲ್ಲವರೇ ತಿದ್ದಲು ಅನುವಾಗುವ ಸಾಧನವೊಂದನ್ನು ಅವರು ರೂಪಿಸಿದರು. ಇಡೀ ಕಾರ್ಯದಲ್ಲಿ ನಾನು ಅತಿಯಾಗಿ ಮೆಚ್ಚುವುದು ಇದನ್ನೇ. ತಿದ್ದಲು ಕುಳಿತವನು ಪ್ರತಿ ಪದವನ್ನೂ ಓದಲೇಬೇಕು. ಎಷ್ಟು ಪುಟಗಳನ್ನು ಚಿತ್ರವಾಗಿಸಿದರೆಂದು ಕೇಳುವುದಕ್ಕಿಂತ, ಎಷ್ಟು ಜನರು ಹೀಗೆ ಕುಳಿತು ಓದಿದರೆಂದು ಕೇಳುವುದೇ ಸರಿಯಾದ ಅಳತೆ.

ದೂರದ ಜನರ ಈ ಕಥೆ ನಮ್ಮ ಮನೆಬಾಗಿಲಿಗೂ ಬರುತ್ತದೆ. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಪೂಜಾವಿಧಿಯಲ್ಲಿ ಜನರ ನುಡಿಗೆ ಬಾಗಿಲು ತೆರೆಯಿತು. ನಾವು ಇಂದು ಕನ್ನಡದಲ್ಲಿ ಬಲಿಪೂಜೆ ಅರ್ಪಿಸುವುದು ಆ ಕೃಪೆಯಿಂದ. ಹಾಗಿದ್ದರೂ ಕನ್ನಡ ಅಕ್ಷರಗಳನ್ನು ಓದಲಾರದ ಮಕ್ಕಳು ನಮ್ಮ ಧರ್ಮಕೇಂದ್ರಗಳಲ್ಲೇ ಇದ್ದಾರೆ. ಕರಾವಳಿಯ ಕೊಂಕಣಿ ಮನೆಗಳಲ್ಲಿ ಅಜ್ಜಿಯ ಪ್ರಾರ್ಥನಾ ಪುಸ್ತಕವೂ ಕನ್ನಡ ಲಿಪಿಯಲ್ಲೇ ಇದೆ. ಅಂಥ ಪುಸ್ತಕವನ್ನು ದೂರವಾಣಿಯಲ್ಲಿ ಚಿತ್ರ ತೆಗೆದು ಇಟ್ಟುಕೊಳ್ಳುವುದು ಒಳ್ಳೆಯದೇ. ಆದರೆ ಇಂದು ಸಂಜೆ ಜಪಮಾಲೆಯ ಬಳಿಕ ಆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅದರ ಒಂದು ಪುಟವನ್ನು ಬೆರಳಿಟ್ಟು ಓದಿಸಿರಿ.