ಗ್ರಂಥಸಂಪಾದನೆಯಲ್ಲಿ ‘ನ್ಯಾನೋ’: ಗುಣದೋಷ ವಿಚಾರ

1999ರಲ್ಲಿ ಮೊದಲು ರಚಿತವಾದ ‘ನ್ಯಾನೋ’ ಗಣಕದ ಟರ್ಮಿನಲ್ಲಿನಲ್ಲಿ ಆದೇಶಗಳ ಮೂಲಕ ನಡೆಯುವ ಸರಳ ಬರೆಹಸಾಧನ. ಮುಖ್ಯ ಕೀಲಿಸೂಚನೆಗಳು ತೆರೆಯ ತಳದಲ್ಲಿಯೇ ಇರುವುದು, ಅಲಂಕಾರವಿಲ್ಲದೆ ಅಕ್ಷರಗಳನ್ನಷ್ಟೇ ಉಳಿಸುವುದು ಇದರ ಗುಣಗಳು. ಪಾಠಾಂತರಗಳ ಹೋಲಿಕೆಗೆ ಇಂಥ ಶುದ್ಧಪಠ್ಯವೇ ಅನುಕೂಲ. ದೋಷವಿರುವುದು ತೆರೆಯಲ್ಲಿ. ಸಮಾನ ಅಗಲದ ಮನೆಗಳಲ್ಲಿ ಅಕ್ಷರವಿಡುವ ಅನೇಕ ಟರ್ಮಿನಲ್ಲುಗಳಲ್ಲಿ ಕನ್ನಡದ ಒತ್ತಕ್ಷರಗಳು ಒಡೆದು ತೋರುತ್ತವೆ. ‘ಧರ್ಮ’ ಎಂಬಲ್ಲಿ ಸಂಕೇತಗಳು ಕಡತದಲ್ಲಿ ಸರಿಯಾಗಿದ್ದರೂ ಅರ್ಕಾವತ್ತು ಕಾಣದೆ ಹೋಗಬಹುದು. ಅದನ್ನು ಪ್ರತಿಕಾರನ ಸ್ಖಾಲಿತ್ಯವೆಂದು ಬಗೆದು ತಿದ್ದಿದರೆ ಶುದ್ಧಪಾಠವೇ ಕೆಡುತ್ತದೆ. ಬೆಳಗಾವಿ ಖಾಸಬಾಗದ ನೇಕಾರನು ಸೀರೆಯ ಮಡಿಕೆಯನ್ನು ಹರಿದ ಎಳೆಯೆಂದು ಎಣಿಸಲಾರ; ಸಂಪಾದಕನಿಗೂ ಅದೇ ವಿವೇಕ ಅಗತ್ಯ. ಪಾಠನಿರ್ಣಯವು ತೆರೆಯನ್ನು ನಂಬಿಯಲ್ಲ, ಮುದ್ರಿತ ಕರಡನ್ನು ಓಲೆಗರಿಯೊಡನೆ ಹೋಲಿಸಿಯೇ ಆಗತಕ್ಕದ್ದು.