ತಾಳ್ಮೆಯ ಉಪದೇಶ ಯಾರಿಗೆ?

‘ತಾಳಿದವನು ಬಾಳಿಯಾನು’ ಎಂಬ ಗಾದೆಯನ್ನು ಹೇಳುವವರು ಸಾಮಾನ್ಯವಾಗಿ ತಾಳಬೇಕಾದ ಸ್ಥಿತಿಯಲ್ಲಿ ಇರುವುದಿಲ್ಲ. ಜೀತದವನಿಗೆ ಒಡೆಯ, ಸೊಸೆಗೆ ಅತ್ತೆ, ಅರ್ಜಿ ಹಿಡಿದು ನಿಂತವನಿಗೆ ಗುಮಾಸ್ತ ಹೇಳುವ ಮಾತದು. ಧರ್ಮಪೀಠಗಳಿಂದ ಬರುವ ತಾಳ್ಮೆಯ ಉಪದೇಶವನ್ನೂ ಇದೇ ಕಾರಣಕ್ಕೆ ಸ್ವಲ್ಪ ಅನುಮಾನದಿಂದ ನೋಡಬೇಕಾಗುತ್ತದೆ. ಉಪದೇಶಿಸುವವನೇ ಕಂಬಿಗಳ ಹಿಂದೆ ಕುಳಿತಿದ್ದರೆ?

ಜರ್ಮನಿಯ ಲೂಥರನ್ ಪಾದ್ರಿ ಡೀಟ್ರಿಚ್ ಬೊನ್‌ಹೋಫರ್ ಅವರ ಸೆರೆಮನೆಯ ಪತ್ರಗಳು ಮುಖ್ಯವಾಗುವುದು ಇಲ್ಲಿ. ಹಿಟ್ಲರನ ವಿರುದ್ಧದ ಸಂಚಿನ ಗುಂಪಿನಲ್ಲಿದ್ದ ಅವರನ್ನು 1943ರ ಏಪ್ರಿಲ್ 5ರಂದು ಬಂಧಿಸಿ ಬರ್ಲಿನ್ನಿನ ಟೇಗೆಲ್ ಸೆರೆಮನೆಗೆ ಹಾಕಲಾಯಿತು. ಎರಡು ವರ್ಷಗಳ ಬಳಿಕ, 1945ರ ಏಪ್ರಿಲ್ 9ರಂದು, ಫ್ಲಾಸೆನ್‌ಬ್ಯೂರ್ಗ್ ಶಿಬಿರದಲ್ಲಿ ಗಲ್ಲಿಗೇರಿಸಲಾಯಿತು. ಆಗ ಅವರಿಗೆ 39 ವರ್ಷ. ಗೆಳೆಯ ಎಬರ್‌ಹಾರ್ಡ್ ಬೆಟ್ಗೆ ಈ ಪತ್ರಗಳನ್ನು ಸಂಪಾದಿಸಿ 1951ರಲ್ಲಿ ಪ್ರಕಟಿಸಿದರು. ಜರ್ಮನ್ ಶೀರ್ಷಿಕೆಯನ್ನು ‘ಪ್ರತಿರೋಧ ಮತ್ತು ಶರಣಾಗತಿ’ ಎಂದು ಕನ್ನಡಿಸಬಹುದು. ಇಂಗ್ಲಿಷಿಗೆ ಹೋಗುವಾಗ ಅದು ಬರೀ ಸೆರೆಮನೆಯ ಪತ್ರಗಳೂ ಬರಹಗಳೂ ಆಗಿಬಿಟ್ಟಿತು. ಕಳೆದುಹೋದದ್ದು ಸಣ್ಣದಲ್ಲ.

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಅವಧಿ ಕ್ರೈಸ್ತರಿಗೆ ಕಾಯುವ ಕಾಲ. 1943ರ ನವೆಂಬರ್‌ನಲ್ಲಿ ಬೊನ್‌ಹೋಫರ್ ತಮ್ಮ ಕೋಣೆಯನ್ನು ಆ ಕಾಲಕ್ಕೆ ಹೋಲಿಸಿ ಬರೆದರು: ಒಳಗಿರುವವನು ಏನೇನೋ ಮಾಡುತ್ತಾನೆ, ಆಶಿಸುತ್ತಾನೆ, ಬಾಗಿಲು ಮಾತ್ರ ಹೊರಗಿನಿಂದಲೇ ತೆರೆಯಬೇಕು. ಈ ಹೋಲಿಕೆ ಇಂದು ಎಷ್ಟೋ ಭಕ್ತಿಪುಸ್ತಕಗಳಲ್ಲಿ ಕಾಣಸಿಗುತ್ತದೆ. ಆದರೆ ಆ ಡಿಸೆಂಬರ್‌ನಲ್ಲೇ ಅವರು ಬರೆದ ಇನ್ನೊಂದು ಮಾತು ಅಷ್ಟು ಸುಲಭವಾಗಿ ಕ್ಯಾಲೆಂಡರಿಗೆ ಹತ್ತುವಂಥದ್ದಲ್ಲ. ಪ್ರೀತಿಪಾತ್ರರಿಂದ ದೂರವಾದಾಗ ಉಳಿಯುವ ಖಾಲಿ ಜಾಗವನ್ನು ದೇವರು ತುಂಬುತ್ತಾನೆ ಎನ್ನುವುದು ಅವರ ಪ್ರಕಾರ ಅರ್ಥವಿಲ್ಲದ ಮಾತು. ದೇವರು ಅದನ್ನು ತುಂಬುವುದಿಲ್ಲ, ಖಾಲಿಯಾಗಿಯೇ ಇರಿಸುತ್ತಾನೆ. ನೋವಿನಲ್ಲಾದರೂ ಸಂಬಂಧ ಉಳಿಯುವುದು ಹಾಗೆಯೇ. ಒಬ್ಬ ಪಾದ್ರಿ ಈ ಮಾತು ಹೇಳಲು ಎದೆಗಾರಿಕೆ ಬೇಕು. ಸಾಂತ್ವನ ಹೇಳುವವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸವೇ ಆ ಜಾಗವನ್ನು ಏನಾದರೂ ಹಾಕಿ ಮುಚ್ಚುವುದು. ಬೊನ್‌ಹೋಫರರ ತಾಳ್ಮೆಯಲ್ಲಿ ಹಂಬಲ ಹಂಬಲವಾಗಿಯೇ ಉಳಿಯುತ್ತದೆ.

ಶರಣಾಗತಿಯನ್ನಷ್ಟೇ ಕಿತ್ತುಕೊಂಡು ಓದುವವರು ಮರೆಯುವ ವಿಷಯ ಒಂದಿದೆ. ಅವರು ಸೆರೆಮನೆಗೆ ಬಂದದ್ದೇ ಕಾಯಲು ಒಪ್ಪದೆ. ನಾಝಿಗಳಿಗೆ ಮಣಿಯದ ಚರ್ಚಿನ ಪರವಾಗಿ ಫಿಂಕೆನ್‌ವಾಲ್ಡೆಯಲ್ಲಿ ಪಾದ್ರಿಗಳಿಗೆ ತರಬೇತಿ ಕೊಡುತ್ತಿದ್ದರು. 1937ರಲ್ಲಿ ಗೆಸ್ಟಾಪೊ ಅದಕ್ಕೆ ಬೀಗ ಹಾಕಿತು. 1939ರಲ್ಲಿ ಅಮೆರಿಕದಲ್ಲಿ ಸುರಕ್ಷಿತವಾಗಿ ಉಳಿಯುವ ಅವಕಾಶವಿತ್ತು. ಕೆಲವೇ ವಾರಗಳಲ್ಲಿ ಮರಳಿದರು. ಇನ್ನು, 1944ರ ಅಕ್ಟೋಬರ್‌ನಲ್ಲಿ ಕಾವಲುಗಾರನೊಬ್ಬನ ನೆರವಿನಿಂದ ತಪ್ಪಿಸಿಕೊಳ್ಳುವ ಯೋಜನೆ ಸಿದ್ಧವಾಗಿತ್ತು. ಅಷ್ಟರಲ್ಲಿ ಅಣ್ಣ ಕ್ಲಾಸ್ ಬಂಧನವಾಯಿತು. ಮನೆಯವರಿಗೆ ಇನ್ನಷ್ಟು ಅಪಾಯವಾಗದಿರಲೆಂದು ಕೈಬಿಟ್ಟರು. ಎಲ್ಲಿ ಎದುರಿಸಬೇಕು, ಎಲ್ಲಿ ಒಪ್ಪಿಕೊಳ್ಳಬೇಕು ಎಂಬ ಗಡಿಗೆ ಸಿದ್ಧಸೂತ್ರವಿಲ್ಲವೆಂದು ಅವರು ಅದೇ ವರ್ಷದ ಫೆಬ್ರವರಿಯಲ್ಲಿ ಚಿಂತಿಸಿದ್ದರು. ಪುಸ್ತಕದ ಹೆಸರು ಹುಟ್ಟಿದ್ದು ಆ ಪತ್ರದಿಂದ.

ಇದನ್ನು ಇನ್ನೊಬ್ಬ ಪಾದ್ರಿಯ ಸೆರೆಮನೆ ಪತ್ರದ ಪಕ್ಕದಲ್ಲಿಟ್ಟು ಓದಬೇಕು. 1963ರ ಏಪ್ರಿಲ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಮಾರ್ಟಿನ್ ಲೂಥರ್ ಕಿಂಗ್ ಬರೆದದ್ದು ಎಂಟು ಮಂದಿ ಬಿಳಿಯ ಧರ್ಮಗುರುಗಳಿಗೆ. ಬೀದಿ ಪ್ರತಿಭಟನೆ ಬೇಡ, ಕಾಲ ಪಕ್ವವಾಗಿಲ್ಲ ಎಂಬುದು ಅವರ ಹಿತವಚನವಾಗಿತ್ತು. ಮುನ್ನೂರು ಚಿಲ್ಲರೆ ವರ್ಷ ಕಾದವರಿಗೆ ಈ ಮಾತು ಹೇಗೆ ಕೇಳಿಸುತ್ತದೆ ಎಂಬುದನ್ನು ಕಿಂಗ್ ಅವರಿಗೆ ಬಿಡಿಸಿ ಹೇಳಿದರು. ಇಬ್ಬರೂ ಓದಿದ್ದು ಅದೇ ಬೈಬಲ್, ತಾಳ್ಮೆಯನ್ನು ಕೊಂಡಾಡುವ ಅದೇ ಪೌಲನ ಪತ್ರಗಳು. ನನ್ನ ಮಟ್ಟಿಗೆ ಇವರಲ್ಲಿ ವಿರೋಧವಿಲ್ಲ. ತನ್ನ ಬಾಗಿಲು ತೆರೆಯುವುದನ್ನು ಕಾಯುವುದು ಬೇರೆ. ಇನ್ನೊಬ್ಬರ ಬಾಗಿಲಿನ ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡು ಕಾಯಿರಿ ಎನ್ನುವುದು ಬೇರೆ. ಬೊನ್‌ಹೋಫರ್ 1930-31ರಲ್ಲಿ ನ್ಯೂಯಾರ್ಕಿನಲ್ಲಿದ್ದಾಗ ಹಾರ್ಲೆಮ್‌ನ ಕರಿಯರ ಅಬಿಸೀನಿಯನ್ ಚರ್ಚಿಗೆ ತಪ್ಪದೆ ಹೋಗುತ್ತಿದ್ದರು ಎಂಬುದೂ ಇಲ್ಲಿ ನೆನಪಾಗುತ್ತದೆ.

ಆದರೂ ಈ ಪತ್ರಗಳ ಬಗ್ಗೆ ಒಂದು ತಕರಾರು ಉಳಿಯುತ್ತದೆ. ಬೆಟ್ಗೆಗೆ ಬರೆಯುವಾಗ ಬೊನ್‌ಹೋಫರ್ ಸಂದೇಹ, ಹಸಿವು, ಧೈರ್ಯಗೆಡುವಿಕೆ ಎಲ್ಲವನ್ನೂ ಬಿಚ್ಚಿಡುತ್ತಾರೆ. ಬಂಧನಕ್ಕೆ ಮೂರು ತಿಂಗಳು ಮುಂಚೆ ನಿಶ್ಚಯವಾಗಿದ್ದ, ಹದಿನೆಂಟರ ಹುಡುಗಿ ಮರಿಯಾ ಫಾನ್ ವೆಡೆಮೆಯರ್‌ಗೆ ಬರೆಯುವಾಗ ಹಿರಿಯರ ದನಿ ಬಂದುಬಿಡುತ್ತದೆ. ಸೆರೆಮನೆಯ ಅಧಿಕಾರಿಗಳು ಓದುತ್ತಾರೆಂಬ ಎಚ್ಚರ ಇದಕ್ಕೆ ಒಂದು ಕಾರಣವಿರಬಹುದು, ಪೂರ್ತಿ ಕಾರಣವಲ್ಲ. 1942ರಲ್ಲಿ ತಂದೆಯನ್ನೂ ಅಣ್ಣನನ್ನೂ ಯುದ್ಧದಲ್ಲಿ ಕಳೆದುಕೊಂಡಿದ್ದ ಹುಡುಗಿ ಅವಳು. ಈ ಜೋಡಿಯ ಪತ್ರಗಳು ಬೆಳಕು ಕಂಡದ್ದು ಅವಳು ತೀರಿಕೊಂಡು ಹದಿನೈದು ವರ್ಷಗಳ ನಂತರ, 1992ರಲ್ಲಿ. ಅಷ್ಟು ಕಾಲ ಕಾಯುವಿಕೆಯ ಕುರಿತು ಪಂಡಿತರು ಬರೆದದ್ದೆಲ್ಲ ಒಳಗೆ ಕಾದವನ ಕುರಿತೇ. ಹೊರಗೆ ಕಾದವಳಿಗೆ ದೇವಶಾಸ್ತ್ರವಿರಲಿಲ್ಲ. ಅವಳು ತನ್ನ ಮಂಚದ ಸುತ್ತ ಅವನ ಕೋಣೆಯಷ್ಟೇ ಅಗಲಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಂಡಿದ್ದಳು. 1945ರ ಫೆಬ್ರವರಿಯಲ್ಲಿ ಅವನನ್ನು ಬರ್ಲಿನ್ನಿನಿಂದ ಸಾಗಿಸಿದರೆಂದು ತಿಳಿದಾಗ ಬೆಚ್ಚನೆಯ ಬಟ್ಟೆಗಳನ್ನು ಪೆಟ್ಟಿಗೆಯಲ್ಲಿ ತುಂಬಿಕೊಂಡು ಫ್ಲಾಸೆನ್‌ಬ್ಯೂರ್ಗ್‌ವರೆಗೆ ಹೋದಳು. ಅವನು ಇನ್ನೂ ಅಲ್ಲಿಗೆ ಬಂದಿರಲಿಲ್ಲ. ಬಟ್ಟೆಗಳೊಂದಿಗೆ ಹಿಂದಿರುಗಿದಳು.